ಜಾಸ್ತಿ ಆದರೂ ತೊಂದರೆ, ಕಡಿಮೆ ಆದರೂ ತೊಂದರೆ

ಬಾಗಲಕೋಟೆ, 23 ಜೂನ್ 2024, ಭಾನುವಾರ

ಕಾರ ಹುಣ್ಣಿಮೆಯ ಹೋಳಿಗೆ ಇನ್ನೂ ಖಾಲಿಯಾಗಿಲ್ಲ. ನಾಳೆ ಸೆಕೆಂಡ್ ಪಿಯುಸಿ ಮಕ್ಕಳಿಗೆ ಜೆನೆಟಿಕ್ಸ್ ಪಾಠ ಇದೆ. ಮೆಂಡೆಲ್‌ನ ಬಟಾಣಿ ಗಿಡದ ಕಥೆ ಹೇಳಿ ಹೇಳಿ ನನಗೇ ಬೇಜಾರಾಗಿದೆ. ಬೇರೆ ಉದಾಹರಣೆ ಸಿಗುತ್ತಾ ಅಂತ ನೋಡಲು ಕೂತವಳು ಹುದಾ ಜೋಗ್ಬಿ ಅವರ ಸಂಶೋಧನೆ ಓದುತ್ತಾ ಮಧ್ಯಾಹ್ನದ ಊಟವನ್ನೇ ಮರೆತೆ.

ಈಕೆ ಬೈರೂತಿನವರು. ಮೆಡಿಕಲ್ ಓದುವಾಗಲೇ ಲೆಬನಾನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ಅಮೆರಿಕಕ್ಕೆ ಹೋಗಿ ಓದು ಮುಗಿಸಿ, ಹ್ಯೂಸ್ಟನ್‌ನ ಬೇಲರ್ ಕಾಲೇಜಿನಲ್ಲಿ ಮಕ್ಕಳ ನರರೋಗದ ಡಾಕ್ಟರ್ ಆದರು. 1983ರಲ್ಲಿ ಅಲ್ಲಿ ಅವರು ರೆಟ್ ಸಿಂಡ್ರೋಮ್ ಇರುವ ಹುಡುಗಿಯನ್ನು ನೋಡಿದರು. ಈ ಕಾಯಿಲೆಯಲ್ಲಿ ಮಗು ಮೊದಲು ಚೆನ್ನಾಗೇ ಬೆಳೆಯುತ್ತದೆ, ನಗುತ್ತದೆ, ಒಂದೆರಡು ಮಾತೂ ಆಡುತ್ತದೆ. ಆಮೇಲೆ ಒಂದೂವರೆ ವರ್ಷದ ಹೊತ್ತಿಗೆ ಕಲಿತದ್ದೆಲ್ಲ ಒಂದೊಂದಾಗಿ ಹೋಗುತ್ತಾ ಬಂದು, ಕೈಯನ್ನು ಕೈ ಹಿಸುಕಿಕೊಳ್ಳುವುದೊಂದೇ ಉಳಿದುಬಿಡುತ್ತದೆ. ಇದಕ್ಕೆ ಕಾರಣ ಜೀನ್ ಅಂತ ಹೊರಟಾಗ ಸುತ್ತಮುತ್ತಲಿನವರು ಅಷ್ಟೇನೂ ನಂಬಲಿಲ್ಲ, ಯಾಕೆಂದರೆ ಒಂದೇ ಮನೆಯಲ್ಲಿ ಇಬ್ಬರಿಗೆ ಬರುವುದು ತೀರಾ ಅಪರೂಪ. ಎಕ್ಸ್ ಕ್ರೋಮೋಸೋಮ್ ಮೇಲೆ ಇರುವ ಆ ಜೀನ್, ಎಂಇಸಿಪಿ2, ಕೊನೆಗೆ ಸಿಕ್ಕಿದ್ದು 1999ರಲ್ಲಿ. 16 ವರ್ಷ!

ಅದರ ನಡುವೆ ಸುಮ್ನೆ ಕೂತಿರಲಿಲ್ಲ. ನಡುವಯಸ್ಸಿನಲ್ಲಿ ನಡಿಗೆ ತೂರಾಡಲು ಶುರುವಾಗಿ, ಮಾತು ತೊದಲಿ, ವರ್ಷಗಳಲ್ಲಿ ನುಂಗುವುದೂ ಕಷ್ಟವಾಗುವ ಎಸ್‌ಸಿಎ1 ಎಂಬ ಕಾಯಿಲೆಯ ಬೆನ್ನು ಹತ್ತಿದ್ದರು. 1993ರಲ್ಲಿ ಅವರಿಗೂ ಅಮೆರಿಕದ ಮಿನೆಸೋಟದ ಸಂಶೋಧಕ ಹ್ಯಾರಿ ಆರ್ ಅವರಿಗೂ ಒಂದೇ ದಿನ ಉತ್ತರ ಸಿಕ್ಕಿತು. ಡಿಎನ್‌ಎಯಲ್ಲಿ ಸಿ-ಎ-ಜಿ ಎಂಬ ಮೂರು ಅಕ್ಷರ ಬೇಕಾದ್ದಕ್ಕಿಂತ ಜಾಸ್ತಿ ಸಲ ಮರುಕಳಿಸುತ್ತದೆ. ಆಗ ಅಟಾಕ್ಸಿನ್-1 ಎಂಬ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಜೀವಕೋಶದಲ್ಲೇ ಉಳಿದು ಗುಡ್ಡೆಯಾಗುತ್ತದೆ. ಮಿದುಳಿನ ಹಿಂಭಾಗದಲ್ಲಿ, ನಡಿಗೆಯ ಹಿಡಿತ ನೋಡಿಕೊಳ್ಳುವ ಸೆರೆಬೆಲ್ಲಮ್‌ನಲ್ಲಿರುವ ಪರ್ಕಿಂಜೆ ಎಂಬ ನರಕೋಶಗಳು ಸಾಯುತ್ತವೆ.

ಒಂದು ಕಾಯಿಲೆ ಕೂಸಿನದು, ಇನ್ನೊಂದು ದೊಡ್ಡವರದು. ಇವೆರಡಕ್ಕೂ ಏನು ನಂಟು ಅಂತ ನಾನೂ ಮೊದಲು ಅಂದುಕೊಂಡೆ. ನನ್ನನ್ನು ಹಿಡಿದು ಕೂರಿಸಿದ್ದೇ ಇದು. ಎಂಇಸಿಪಿ2 ಜೀನ್‌ನಿಂದ ತಯಾರಾಗುವ ಪ್ರೋಟೀನ್ ಇಲ್ಲದಿದ್ದರೆ ರೆಟ್. ಅದೇ ಎರಡು ಪಟ್ಟು ಆದರೆ ಗಂಡುಮಕ್ಕಳಲ್ಲಿ ಇನ್ನೊಂದು ಗಂಭೀರ ಕಾಯಿಲೆ. ಅಟಾಕ್ಸಿನ್‌ನದೂ ಇದೇ ಕಥೆ: ತಪ್ಪಿಲ್ಲದ ಅಟಾಕ್ಸಿನ್ ಕೂಡ ಸ್ವಲ್ಪ ಹೆಚ್ಚಾದರೆ ಸಾಕು, ಇಲಿಗಳ ಮಿದುಳು ಸವೆಯುತ್ತದೆ ಅಂತ ಅವರ ಲ್ಯಾಬ್ 2015ರಲ್ಲಿ ತೋರಿಸಿತು. ಮಿದುಳಿಗೆ ರೊಟ್ಟಿ ಹಿಟ್ಟಿನ ಹಾಗೆ ಹದ ಬೇಕು. ಕಟ್ಟುವಾಗಲೂ ಅದೇ ಹದ, ಕಟ್ಟಿದ ಮೇಲೆ ಉಳಿಸಿಕೊಳ್ಳಲೂ ಅದೇ ಹದ.

ಮಿದುಳಿನ ಕೋಶಗಳು ಸವೆಯುತ್ತಾ ಕೈಕಾಲಿನ ಹಿಡಿತ ತಪ್ಪಿಸುವ ಹಂಟಿಂಗ್ಟನ್ ಕಾಯಿಲೆಯ ಬಗ್ಗೆ ಫ್ರಾನ್ಸಿನ ಸಾಂಡ್ರಿನ್ ಹಂಬರ್ಟ್ ತಂಡ 2020ರಲ್ಲಿ ಕಂಡದ್ದು ಇನ್ನೂ ಗಾಬರಿ ಹುಟ್ಟಿಸುತ್ತದೆ. ಲಕ್ಷಣ ಸಾಮಾನ್ಯವಾಗಿ 30 ದಾಟಿದ ಮೇಲೆ ಕಾಣುತ್ತದೆ. ಆದರೆ ಆ ಕಾಯಿಲೆ ತರುವ ಕೆಟ್ಟ ಜೀನ್ ಇದ್ದ, 13 ವಾರದ ಭ್ರೂಣದ ಮಿದುಳಿನಲ್ಲೇ ಕೋಶಗಳ ಜೋಡಣೆ ಬೇರೆಯಾಗಿತ್ತು. ಅಂದರೆ "ವಯಸ್ಸಾದವರ ಕಾಯಿಲೆ" ಅಂತ ನಾವು ಹಾಕುವ ಗೆರೆ ಅಷ್ಟು ನೆಟ್ಟಗಿಲ್ಲ ಅಲ್ವಾ?

ಮಕ್ಕಳಿಗೆ ಇದನ್ನೆಲ್ಲ ಹೇಳಲು ನನಗೆ ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಮಗುವಿಗೆ ಏನಾದರೂ ಆದರೆ ಸಾಕು, "ಸ್ವಾದರಮಾವಗ ಕೊಟ್ಟಾರ, ಅದಕ್ಕ ಹಿಂಗಾಗೈತಿ ನೋಡ್ರಿ" ಅಂತ ಓಣಿಯಲ್ಲೇ ತೀರ್ಪು ಬಂದುಬಿಡುತ್ತದೆ. ಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳ ಅಪಾಯ ಜಾಸ್ತಿ, ಅದು ನಿಜ. ಅಲ್ಲಿ ಎರಡೂ ಕಡೆಯಿಂದ ಕೆಟ್ಟ ಜೀನ್ ಬರಬೇಕು. ಎಸ್‌ಸಿಎ1, ಹಂಟಿಂಗ್ಟನ್‌ಗೆ ಒಂದೇ ಕಡೆಯಿಂದ ಬಂದರೂ ಸಾಕು, ಮದುವೆ ಯಾರ ಜೊತೆ ಆಯಿತು ಅನ್ನೋದು ಲೆಕ್ಕಕ್ಕಿಲ್ಲ. ರೆಟ್ ಅಂತೂ ಬಹುಪಾಲು ಹೊಸದಾಗಿ ಆದ ಬದಲಾವಣೆ, ಅದೂ ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ ಆದದ್ದು. ಬೈಗುಳ ಮಾತ್ರ ತಾಯಿಗೆ. ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಔಷಧಿ? 2007ರಲ್ಲಿ ಎಡಿನ್‌ಬರಾದ ಏಡ್ರಿಯನ್ ಬರ್ಡ್ ತಂಡ ರೆಟ್ ಬಂದ ಇಲಿಗಳಲ್ಲಿ ಎಂಇಸಿಪಿ2 ಜೀನನ್ನು ಮತ್ತೆ ಚಾಲೂ ಮಾಡಿದಾಗ ಅವು ಚೇತರಿಸಿಕೊಂಡವು. ರೆಟ್‌ನಲ್ಲಿ ಕೋಶಗಳು ಸತ್ತಿರುವುದಿಲ್ಲ, ಅದಕ್ಕೇ ಆಸೆ. 2023ರಲ್ಲಿ ಅಮೆರಿಕದಲ್ಲಿ ಟ್ರೋಫಿನೆಟೈಡ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಲಕ್ಷಣ ಸ್ವಲ್ಪ ಕಡಿಮೆ ಮಾಡುತ್ತದೆ ಅಷ್ಟೇ, ಗುಣ ಮಾಡುವುದಿಲ್ಲ. ಸರಿಯಾದ ಜೀನನ್ನೇ ಮಿದುಳಿಗೆ ಸೇರಿಸುವ ಪ್ರಯತ್ನಗಳೂ ನಡೆದಿವೆ. ಅಲ್ಲಿನ ತಲೆನೋವು ಅಳತೆಯದೇ. ಹುಡುಗಿಯರಲ್ಲಿ ಎಕ್ಸ್ ಎರಡಿರುವುದರಿಂದ ಕೆಲವು ಕೋಶಗಳಲ್ಲಿ ಜೀನ್‌ನ ಒಳ್ಳೆಯ ಪ್ರತಿ ಮೊದಲೇ ಕೆಲಸ ಮಾಡುತ್ತಿರುತ್ತದೆ, ಅವಕ್ಕೆ ಇನ್ನೊಂದು ಸೇರಿದರೆ ಜಾಸ್ತಿಯಾಗುವ ಭಯ.