ಸೋರುವ ಟೆಂಟು, ಅಡಿಕೆ ಅಂಗಳ: ಮೂರು ರಾತ್ರಿಯ ಲೆಕ್ಕ

ಆರಿದ್ರಾ ಮಳೆ, ಮೊದಲ ರಾತ್ರಿ

ಆಗುಂಬೆ ಹತ್ತಿರ ಮಾವನ ಮನೆ. ಈ ಮಳೆಯಲ್ಲಿ ಕಾಡಿನೊಳಗೆ ಟೆಂಟ್ ಹಾಕುವ ಧೈರ್ಯ ನನಗಿಲ್ಲ. ಹಾಗಾಗಿ ಪ್ರಯೋಗವೆಲ್ಲ ಅಡಿಕೆ ಒಣಗಿಸುವ ಅಂಗಳದಲ್ಲೇ. ಎಂಟು ವರ್ಷದ ಹಳೆ ನೈಲಾನ್ ಟೆಂಟು. ಚೀಲದ ಮೇಲೆ 2000 ಎಂಎಂ ಎಂದು ಬರೆದಿದೆ. ಮಾವ ಓದಿ ನಕ್ಕರು. "ಅಷ್ಟು ಮಳೆ ಇಲ್ಲಿ ಜುಲೈ ಒಂದರಲ್ಲೇ ಹೊಯ್ತದೆ ಮಾರಾಯ, ಆಗಸ್ಟಿಗೆ ಏನು ಮಾಡ್ತೀಯ?" ಅದು ಮಳೆಯ ಲೆಕ್ಕ ಅಲ್ಲ, ಎಷ್ಟೆತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಅನ್ನುವ ಲೆಕ್ಕ ಅಂತ ಪಾಠ ಮಾಡಿದೆ. ರಾತ್ರಿ ಎರಡಕ್ಕೆ ಒದ್ದೆ ಹಾಸಿಗೆ ಹೊತ್ತು ಜಗಲಿಗೆ ಬಂದಾಗ ಅವರು ಏನೂ ಕೇಳಲಿಲ್ಲ. ಕಂಬಳಿ ಕೊಟ್ಟರು.

ಬೆಳಿಗ್ಗೆ ನೋಡಿದರೆ ಎರಡು ತಪ್ಪು. ಹೊಲಿಗೆ ಮೇಲಿನ ಟೇಪು ಹಪ್ಪಳದ ಹಾಗೆ ಎದ್ದಿತ್ತು. ಕೆಳಗೆ ಹಾಸಿದ್ದ ಟಾರ್ಪಾಲು ಟೆಂಟಿಗಿಂತ ಅರ್ಧ ಅಡಿ ಹೊರಗೆ ಚಾಚಿತ್ತು. ಮೇಲಿಂದ ಇಳಿದ ನೀರನ್ನೆಲ್ಲ ಅದೇ ಹಿಡಿದು ನನ್ನ ಬೆನ್ನಡಿಗೆ ಕಳಿಸಿದೆ!

ಟಾರ್ಪಾಲಿನ ಅಂಚು ಒಳಗೆ ಮಡಚಿದೆ. ಹೊಲಿಗೆಗೆ ಬಚ್ಚಲುಮನೆಗೆ ತಂದಿದ್ದ ಸಿಲಿಕೋನ್ ಬಳಿದೆ. ಒಣಗಿದ ಮೇಲೆ ಉಗುರು ತಾಗಿಸಿದರೆ ಹಾವಿನ ಪೊರೆಯಂತೆ ಇಡೀ ಕಿತ್ತು ಬಂತು. ನನ್ನ ಟೆಂಟಿನ ಬಟ್ಟೆಗಿರುವುದು ಪಿಯು (ಪಾಲಿಯುರೆಥೇನ್) ಲೇಪ, ಅದಕ್ಕೆ ಸಿಲಿಕೋನ್ ಹಿಡಿಯುವುದಿಲ್ಲ. ಪಿಯು ಅಂಟೇ ಬೇಕು. ಬೆಂಗಳೂರಿಂದ ತರಿಸಿ, ಹಳೆ ಟೇಪು ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ ಹಚ್ಚಿದೆ. ಸುಮ್ನೆ ಎರಡು ವಾರ ಹೋಯಿತು.

ಪುನರ್ವಸು, ಎರಡನೇ ರಾತ್ರಿ

ನೆಲ ಒಣಗಿದೆ. ಆದರೂ ಮುಖಕ್ಕೆ ಹನಿ! ಟಾರ್ಚ್ ಬಿಟ್ಟೆ. ಹೊಲಿಗೆಯೇ ಇಲ್ಲದ ಕಡೆಯಲ್ಲೂ ಮೇಲುಹೊದಿಕೆಯ ಒಳಮೈ ತುಂಬ ಸಾಸಿವೆ ಗಾತ್ರದ ಹನಿಗಳು, ಒಂದೇ ಸಮ. ಬೆರಳಲ್ಲಿ ಗೆರೆ ಎಳೆದೆ, ನೀರು ಜಾರಿ ಇಳಿಯಿತು. ಸೋರಿಕೆ ಆಗಿದ್ದರೆ ಒಂದು ಕಡೆ ಬರಬೇಕು, ಅಲ್ವಾ? ಇದು ನನ್ನದೇ ಉಸಿರು. ಮಳೆಗೆ ಹೆದರಿ ಎರಡೂ ಗಾಳಿಕಂಡಿ ಮುಚ್ಚಿದ್ದೆ. ಒದ್ದೆ ರೇನ್‌ಕೋಟನ್ನೂ ತಲೆದೆಸೆಯಲ್ಲೇ ಇಟ್ಟುಕೊಂಡಿದ್ದೆ. ಮೊದಲ ರಾತ್ರಿಯ ನೀರಲ್ಲೂ ಇದರ ಪಾಲು ಇದ್ದಿರಬೇಕು.

ಪುನರ್ವಸು, ಮೂರನೇ ರಾತ್ರಿ

ಮೇಲೆ ಬೇರೆ ಟಾರ್ಪಾಲು, ಗಾಳಿಯ ಕಡೆಗೆ ತಗ್ಗಿಸಿ ಕಟ್ಟಿದೆ. ಹಗ್ಗ ಹಿಡಿದು ನೀರು ಒಳಗೆ ಹರಿಯದಂತೆ ನಡುವೆ ಒಂದೊಂದು ನೂಲು ಇಳಿಬಿಟ್ಟೆ. ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗಾಳಿಕಂಡಿ ಎರಡೂ ತೆರೆದೆ. ರೇನ್‌ಕೋಟು ಹೊರಗೆ. ಒದ್ದೆಯಾದ ನೈಲಾನ್ ಜೋಲುತ್ತದೆ, ಟೆಂಟಿನ ಒಳಪದರಕ್ಕೆ ತಾಗಿದರೆ ಅಲ್ಲಿಂದಲೇ ನೀರು. ಮಲಗುವ ಮೊದಲು ಹಗ್ಗ ಮತ್ತೆ ಬಿಗಿದೆ. ಮುಂದಿನ ಸಲ ಹಳೆ ಸೈಕಲ್ ಟ್ಯೂಬಿನ ಉಂಗುರ ಸೇರಿಸಬೇಕು, ತಾನೇ ಎಳೆದು ಹಿಡಿಯಲಿ.

ಬೆಳಿಗ್ಗೆ ಒಳಗೆ ಒದ್ದೆಯಾಗಿದ್ದದ್ದು ಎಡಗಾಲಿನ ಕಾಲುಚೀಲ ಮಾತ್ರ. ನೀರಲ್ಲ, ರಕ್ತ. ಇಂಬಳ ಹೊಟ್ಟೆ ತುಂಬಿಸಿಕೊಂಡು ಮೂಲೆಯಲ್ಲಿ ಬಿದ್ದಿತ್ತು.