4 ವೋಲ್ಟಿನ ಬ್ಯಾಟರಿ ಶಾಕ್ ಹೊಡೆದಾಗ

ನನ್ನ ಮೇಜಿಗೆ ರಿಪೇರಿಗೆಂದು ಬರುವ ರೀಚಾರ್ಜಬಲ್ ಟಾರ್ಚು, ಸೊಳ್ಳೆ ಬ್ಯಾಟುಗಳಲ್ಲಿ ಬಹುಪಾಲು ಟ್ರಾನ್ಸ್‌ಫಾರ್ಮರ್ ಇಲ್ಲದವು. 230 ವೋಲ್ಟಿನ ಮೇನ್ಸ್ ಕರೆಂಟನ್ನು ಒಂದು ಕೆಪಾಸಿಟರ್, ಎಸಿಯನ್ನು ಡಿಸಿಯಾಗಿಸುವ ನಾಲ್ಕು ಡಯೋಡುಗಳ ಬ್ರಿಜ್ ಮತ್ತು ಒಂದೆರಡು ರೆಸಿಸ್ಟರುಗಳ ಮೂಲಕ 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಗೆ ಹರಿಸುವ ಈ ಸರ್ಕ್ಯೂಟ್ ಅಗ್ಗವಾದದ್ದು, ಹಗುರವಾದದ್ದು, ಹೆಬ್ಬೆರಳಿನಷ್ಟು ಜಾಗದಲ್ಲಿ ಕೂರುವಂಥದ್ದು. ವರ್ಷಗಟ್ಟಲೆ ಇದನ್ನು ಬಿಚ್ಚಿ ಜೋಡಿಸಿದ್ದ ನನಗೆ, ಟ್ರಾನ್ಸ್‌ಫಾರ್ಮರ್ ತೆಗೆದುಹಾಕಿದಾಗ ಅದರ ಜೊತೆಗೆ ಹೋದದ್ದು ಏನೆಂಬುದು ಒಂದು ದಿನ ಶಾಕ್ ಹೊಡೆಸಿಕೊಂಡ ಮೇಲೆಯೇ ಸರಿಯಾಗಿ ತಿಳಿಯಿತು.

ಕೆಪಾಸಿಟರಿನ ಕೆಲಸದ ಲೆಕ್ಕ ಸರಳವಾಗಿದೆ. 50 ಹರ್ಟ್ಸ್‌ನಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 3,180 ಓಮ್‌ನಷ್ಟು ತಡೆ ಒಡ್ಡುವುದರಿಂದ 230 ವೋಲ್ಟಿಗೆ ಹೆಚ್ಚೆಂದರೆ 72 ಮಿಲಿಆಂಪಿಯರ್ ಹರಿಯುತ್ತದೆ. ಬ್ರಿಜ್ ದಾಟಿದ ಮೇಲೆ ಬ್ಯಾಟರಿಗೆ ಸರಾಸರಿ 65 ಮಿಲಿಆಂಪಿಯರ್ ಸಿಗುತ್ತದೆ. ಇದೇ ಕೆಲಸವನ್ನು ರೆಸಿಸ್ಟರಿಗೆ ಒಪ್ಪಿಸಿದರೆ 16 ವ್ಯಾಟಿನಷ್ಟು ಶಾಖ ಹುಟ್ಟಿ ಪ್ಲಾಸ್ಟಿಕ್ ಕವಚವೇ ಕರಗೀತು. ಕೆಪಾಸಿಟರ್ ಮಾತ್ರ ತಾನು ತೆಗೆದುಕೊಂಡ ಶಕ್ತಿಯನ್ನು ಪ್ರತಿ ಆವರ್ತದಲ್ಲೂ ಲೈನಿಗೆ ಹಿಂದಿರುಗಿಸುವುದರಿಂದ ತಣ್ಣಗೇ ಇರುತ್ತದೆ. ಆದರೆ ಅದು ಕಡಿಮೆ ಮಾಡುವುದು ಕರೆಂಟನ್ನೇ ಹೊರತು ವೋಲ್ಟೇಜನ್ನಲ್ಲ. ವೋಲ್ಟೇಜನ್ನು 4ರ ಆಸುಪಾಸಿನಲ್ಲಿ ಹಿಡಿದಿಡುವುದು ಬ್ಯಾಟರಿ. ಅದನ್ನು ಕಿತ್ತರೆ, ವೋಲ್ಟೇಜನ್ನು ಮಿತಿಯಲ್ಲಿಡುವ ಜೀನರ್ ಡಯೋಡ್ ಇಲ್ಲದ ಬೋರ್ಡಿನ ಔಟ್‌ಪುಟ್, 230 ವೋಲ್ಟ್ ಎಸಿಯ ತುತ್ತತುದಿಯಾದ 325 ವೋಲ್ಟಿನ ಕಡೆಗೆ ಏರುತ್ತದೆ. ಬ್ಯಾಟರಿ ಸತ್ತ ಟಾರ್ಚನ್ನು ಚಾರ್ಜಿಗೆ ಹಾಕಿಕೊಂಡೇ ಉರಿಸಿದವರು ‘ಎಲ್‌ಇಡಿ ಸುಟ್ಟುಹೋಯಿತು’ ಎಂದು ತರುವುದು ಇದೇ ಕಾರಣಕ್ಕೆ.

ಆ ದಿನ ಬಂದದ್ದು ಚಾರ್ಜ್ ಆಗದ ಒಂದು ಟಾರ್ಚ್. ಬೆಳಗ್ಗೆ ಅದನ್ನು ಬಿಚ್ಚಿ, ಪ್ಲಗ್ಗಿಗೆ ಹಾಕಿ, ಬ್ಯಾಟರಿಯ ಎರಡು ತಗಡುಗಳ ನಡುವೆ ಮೀಟರ್ ಹಿಡಿದಾಗ 4.1 ವೋಲ್ಟ್ ತೋರಿಸಿತು. ಸಡಿಲವಾಗಿದ್ದ ತಗಡನ್ನು ಬೆರಳಿನಿಂದಲೇ ಒತ್ತಿ ನೋಡಿದೆ, ಏನೂ ಆಗಲಿಲ್ಲ. ಊಟ ಮುಗಿಸಿ ಬಂದು ಮತ್ತೆ ಪ್ಲಗ್ ಹಾಕಿ, ಅದೇ ತಗಡನ್ನು ಮುಟ್ಟಿದಾಗ ಬಲಗೈ ತಾನಾಗಿಯೇ ಎಗರಿ ಮೀಟರನ್ನು ಕೆಳಕ್ಕೆ ಉರುಳಿಸಿತು. ಎಡಗೈ ಆಗ ಅರ್ಥ್ ಆಗಿದ್ದ ಸೋಲ್ಡರಿಂಗ್ ಸ್ಟೇಷನ್ನಿನ ಲೋಹದ ಸ್ಟ್ಯಾಂಡಿನ ಮೇಲಿತ್ತು, ಅಂದರೆ ಕರೆಂಟ್ ಎದೆಯನ್ನು ಹಾದೇ ಹೋಗಿತ್ತು. ಬೆರಳ ಹಿಂಬದಿ ಮಾತ್ರ ತಾಗಿದ್ದರಿಂದ ಕೈ ಬಿಡಿಸಿಕೊಂಡಿತು. ತಗಡನ್ನು ಬೆರಳುಗಳ ನಡುವೆ ಹಿಡಿದುಕೊಂಡಿದ್ದರೆ ಕಥೆ ಬೇರೆ ಇರುತ್ತಿತ್ತು.

ಬೆಳಗ್ಗೆ ಹೊಡೆಯದ ಶಾಕ್ ಮಧ್ಯಾಹ್ನ ಹೊಡೆದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಎರಡು ಪಿನ್ನಿನ ಪ್ಲಗ್ಗಿನಲ್ಲಿತ್ತು. ನ್ಯೂಟ್ರಲ್ ನೇರವಾಗಿ ಬ್ರಿಜ್‌ಗೆ, ಫೇಸ್ ಕೆಪಾಸಿಟರ್ ಮೂಲಕ ಬಂದರೆ, ಬ್ಯಾಟರಿಯ ಎರಡೂ ತುದಿಗಳು ನ್ಯೂಟ್ರಲ್‌ಗೆ ಕೆಲವೇ ವೋಲ್ಟುಗಳ ಅಂತರದಲ್ಲಿ ಇರುತ್ತವೆ. ಪ್ಲಗ್ ತಿರುಗಿದರೆ ಕೆಪಾಸಿಟರ್ ನ್ಯೂಟ್ರಲ್ ಕಡೆಗೆ ಹೋಗಿ, ಫೇಸ್ ಒಂದು ಡಯೋಡನ್ನಷ್ಟೇ ದಾಟಿ ಬ್ಯಾಟರಿಗೆ ಬಂದು ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದಿದ್ದರೆ ಮೇನ್ಸಿಗೂ ಬ್ಯಾಟರಿಗೂ ನೇರ ಸಂಪರ್ಕವೇ ಇರುತ್ತಿರಲಿಲ್ಲ, ಅದರ ಜೊತೆಗೆ ಹೋದದ್ದು ಆ ಬೇರ್ಪಡೆಯೇ. ಎರಡು ತುದಿಗಳ ನಡುವೆ ಆಗಲೂ 4.1 ವೋಲ್ಟೇ. ಮೀಟರಿನ ಒಂದು ತಂತಿಯನ್ನು ಅರ್ಥ್‌ಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು ಎಸಿಯಲ್ಲಿ ಅಳೆದಾಗ ಮಾತ್ರ 230ರ ಹತ್ತಿರದ ಅಂಕಿ ಕಂಡಿತು. ‘ಕೆಪಾಸಿಟರ್ ಕರೆಂಟನ್ನು ತಡೆಯುತ್ತದಲ್ಲ’ ಎಂಬ ನನ್ನ ಧೈರ್ಯವೂ ಅಲ್ಲಿಗೇ ಮುಗಿಯಿತು, ಏಕೆಂದರೆ ಈ ದಿಕ್ಕಿನಲ್ಲಿ ದೇಹದ ಮೂಲಕ ಅರ್ಥ್‌ಗೆ ಹರಿಯುವ ಕರೆಂಟಿನ ದಾರಿಯಲ್ಲಿ ಕೆಪಾಸಿಟರೇ ಇರುವುದಿಲ್ಲ. ಹಾಗೆ ನೋಡಿದರೆ, ಅದು ದಾರಿಯಲ್ಲಿ ಇದ್ದರೂ ಹರಿಯಬಿಡುವ 72 ಮಿಲಿಆಂಪಿಯರ್ ಹೃದಯಕ್ಕೆ ಕಡಿಮೆಯೇನಲ್ಲ.

ಅಂದಿನಿಂದ ಇಂಥ ಬೋರ್ಡನ್ನು ಬಿಚ್ಚಿದ ಸ್ಥಿತಿಯಲ್ಲಿ ನೇರ ಲೈನಿಗೆ ಹಾಕುವುದಿಲ್ಲ. ಬ್ಯಾಟರಿ ಮತ್ತು ಎಲ್‌ಇಡಿಯನ್ನು ಮೇಜಿನ ಮೇಲಿನ ಕಡಿಮೆ ವೋಲ್ಟಿನ ಡಿಸಿ ಬೆಂಚ್ ಸಪ್ಲೈಯಿಂದಲೇ ಪರೀಕ್ಷಿಸುತ್ತೇನೆ. ಲೈನ್ ಬೇಕೇ ಬೇಕಾದಾಗ, ಔಟ್‌ಪುಟ್ಟನ್ನು ಮೇನ್ಸ್ ಮತ್ತು ಅರ್ಥ್‌ನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಕೊಡುತ್ತೇನೆ, ಅದರಲ್ಲೂ ಔಟ್‌ಪುಟ್ಟಿನ ಎರಡೂ ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಶಾಕ್ ತಪ್ಪಿದ್ದಲ್ಲ ಎಂಬ ಎಚ್ಚರ ಇಟ್ಟುಕೊಂಡೇ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 325 ವೋಲ್ಟಿನವರೆಗೆ ಚಾರ್ಜ್ ಉಳಿದಿರಬಹುದು. ಅದನ್ನು ಒಂದೆರಡು ಸೆಕೆಂಡುಗಳಲ್ಲಿ ಇಳಿಸಬೇಕಾದ 1 ಮೆಗಾಓಮ್ ರೆಸಿಸ್ಟರ್ ಒಳಗೇ ಕಡಿದು ಓಪನ್ ಆಗಿರುವುದನ್ನು ಎಷ್ಟೋ ಬೋರ್ಡುಗಳಲ್ಲಿ ಕಂಡಿದ್ದರಿಂದ, ಪಿನ್ನುಗಳನ್ನು ಮುಟ್ಟುವ ಮೊದಲು ಆ ರೆಸಿಸ್ಟರನ್ನು ನಂಬದೆ ಮೀಟರನ್ನು ನಂಬುತ್ತೇನೆ. ಕೆಪಾಸಿಟರ್ ಬದಲಿಸುವಾಗ ಎಕ್ಸ್2, ಅಂದರೆ ಮೇನ್ಸ್ ಲೈನಿಗೆಂದೇ ಮಾಡಿದ್ದು, ಎಂಬ ಗುರುತು ಇರುವುದನ್ನೇ ಹಾಕುತ್ತೇನೆ. ಡಿಸಿಗೆಂದು ಮಾಡಿದ 400 ವೋಲ್ಟಿನ ಕೆಪಾಸಿಟರ್ ನೋಡಲು ಹಾಗೆಯೇ ಇದ್ದರೂ ಶಾರ್ಟ್ ಆದ ದಿನ ಇಡೀ ಬೋರ್ಡನ್ನು ಸುಡುತ್ತದೆ.

ಇಂಥ ಸರ್ಕ್ಯೂಟಿಗೆ ರಕ್ಷಣೆ ಎಂದರೆ ಕೈ ತೂರದ ಪ್ಲಾಸ್ಟಿಕ್ ಕವಚ ಒಂದೇ. ಇತ್ತೀಚೆಗೆ ಗ್ರಾಹಕರೊಬ್ಬರು ಟಾರ್ಚಿನ ಬೋರ್ಡಿನಿಂದ ಎರಡು ತಂತಿ ಹೊರಗೆ ತೆಗೆದುಕೊಡಿ, ಆಟಿಕೆಯ ಬ್ಯಾಟರಿಯನ್ನೂ ಅದರಲ್ಲೇ ಚಾರ್ಜ್ ಮಾಡಿಕೊಳ್ಳುತ್ತೇನೆ ಎಂದು ಕೇಳಿದರು. ಮಗು ಮುಟ್ಟುವ ಆಟಿಕೆಗೆ ಫೇಸ್ ತಂತಿಯನ್ನೇ ಎಳೆದುಕೊಟ್ಟಂತೆ ಆಗುತ್ತದೆ ಎಂದು ಹೇಳಿ ಒಪ್ಪಲಿಲ್ಲ. ‘ಬರೀ 4 ವೋಲ್ಟ್ ಅಲ್ಲವೇ ಸಾರ್?’ ಎಂದರು. ಮೀಟರನ್ನು ಅವರ ಕಡೆಗೆ ತಿರುಗಿಸಿ, ಒಂದು ತಂತಿಯನ್ನು ಅರ್ಥ್‌ಗೆ ಹಿಡಿದು ತೋರಿಸಿದೆ.