ಬೆಟ್ಟ ಹತ್ತಿಸಿದರೆ ಮಕ್ಕಳು ಬದಲಾಗ್ತಾರಾ?

ನಾನು ಹೊರಾಂಗಣ ಶಿಕ್ಷಣದ ವಸತಿ ಶಾಲೆಯಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. "ಅಲ್ಲಿಗೆ ಹೋಗಿ ಬಂದ ಮಕ್ಕಳು ನಿಜವಾಗ್ಲೂ ಬದಲಾಗ್ತಾರಾ?" ಕೇಳುವವರ ತಲೆಯಲ್ಲಿರುವ ಚಿತ್ರವೂ ಹೆಚ್ಚುಕಡಿಮೆ ಒಂದೇ: ಬಂಡೆ, ಹಗ್ಗ, ಹೆಲ್ಮೆಟ್, ತುದಿಯಲ್ಲಿ ಕೈ ಎತ್ತಿ ನಿಂತ ಹುಡುಗ. ಶಾಲೆಗಳ ಜಾಹೀರಾತಿನಲ್ಲಿ ಬರುವುದೂ ಇದೇ ಫೋಟೋ.

ಬದಲಾಗುತ್ತಾರೆ. ಆದರೆ ಅದರಲ್ಲಿ ಬಂಡೆಯ ಪಾಲು ಕಡಿಮೆ. ಜಾಸ್ತಿ ಪಾಲು ಒಟ್ಟಿಗೆ ಬದುಕುವುದರದ್ದು. ಒದ್ದೆ ಕಾಲುಚೀಲ, ಸೀದ ಪಾತ್ರೆ, ಪಕ್ಕದಲ್ಲಿ ಗೊರಕೆ ಹೊಡೆಯುವ ಇನ್ನೊಬ್ಬ, ಇವುಗಳದ್ದು. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಸಾಹಸ ಶಿಬಿರದಲ್ಲೂ ಬಂಡೆ ಇರುತ್ತದೆ. ಅಲ್ಲಿ ಇಲ್ಲದ್ದು ರಾತ್ರಿ. ಜಗಳ ಆಡಿದವನ ಜೊತೆಗೇ ಮಲಗಿ, ಬೆಳಿಗ್ಗೆ ಅವನ ಜೊತೆಗೇ ಟೆಂಟ್ ಮಡಚಬೇಕಾದ ಪರಿಸ್ಥಿತಿ ಅಲ್ಲಿ ಬರುವುದೇ ಇಲ್ಲ.

ಇಂಥ ಶಾಲೆಗಳ ಇತಿಹಾಸದಲ್ಲೂ ಇದು ಕಾಣುತ್ತದೆ. 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಸೇರಿ ಔಟ್‌ವರ್ಡ್ ಬೌಂಡ್ ಶಾಲೆ ಶುರು ಮಾಡಿದರು. ಯುದ್ಧದ ಕಾಲ. ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಹುಡುಗರಿಗಿಂತ ವಯಸ್ಸಾದ ನಾವಿಕರೇ ಹೆಚ್ಚು ಬದುಕಿ ಉಳಿಯುತ್ತಾರೆ ಅನ್ನುವುದು ಹೋಲ್ಟ್ ಅವರ ಅನಿಸಿಕೆಯಾಗಿತ್ತು. ಅಂದರೆ ಕೊರತೆ ಇದ್ದದ್ದು ತೋಳಿನ ಬಲದಲ್ಲಲ್ಲ. ಆಸ್ಟ್ರೇಲಿಯಾದ ಗೀಲಾಂಗ್ ಗ್ರಾಮರ್ ಶಾಲೆ 1953ರಲ್ಲಿ ಬೆಟ್ಟದ ಬುಡದಲ್ಲಿ ಟಿಂಬರ್‌ಟಾಪ್ ಅನ್ನುವ ಕ್ಯಾಂಪಸ್ ತೆರೆಯಿತು. ಒಂಬತ್ತನೇ ತರಗತಿಯ ಮಕ್ಕಳು ಇಡೀ ವರ್ಷ ಅಲ್ಲೇ ಇರುತ್ತಾರೆ. ಸ್ನಾನಕ್ಕೆ ಬಿಸಿನೀರು ಬೇಕೆಂದರೆ ಸೌದೆ ತಾವೇ ಒಡೆಯಬೇಕು. ಈಗ ಬ್ರಿಟನ್ನಿನ ರಾಜ ಆಗಿರುವ ಚಾರ್ಲ್ಸ್ 1966ರಲ್ಲಿ ಎರಡು ಟರ್ಮ್ ಅಲ್ಲಿದ್ದರು. ಸೌದೆ ಒಡೆಯುವ ಸರದಿ ತಪ್ಪಿಸಿಕೊಂಡರೆ ಏನಾಗುತ್ತದೆ ಅಂತ ಯೋಚಿಸಿ. ಶಿಕ್ಷೆ ಕೊಡಲು ಮೇಷ್ಟ್ರೇ ಬೇಕಿಲ್ಲ. ತಣ್ಣೀರಲ್ಲಿ ನಿಂತ ಜೊತೆಗಾರರೇ ಸಾಕು.

ಮೊದಲ ಕೆಲವು ದಿನ ಮಕ್ಕಳಿಗೆ ಕಷ್ಟ. ಹಗಲು ಹೇಗೋ ಕಳೆಯುತ್ತದೆ. ಸಂಜೆ ಕತ್ತಲಾಗುವ ಹೊತ್ತಿಗೆ ಮನೆ ನೆನಪಾಗುತ್ತದೆ. ಫೋನ್ ಮೊದಲ ದಿನವೇ ಒಳಗೆ ಹೋಗಿರುತ್ತದೆ, ಕೈ ಸುಮ್ನೆ ಜೇಬು ತಡಕುತ್ತಲೇ ಇರುತ್ತದೆ. ಅಳುವವರು ಅಳುತ್ತಾರೆ. ಅಳದವರು ಹೊಟ್ಟೆನೋವು ಅನ್ನುತ್ತಾರೆ. ಆ ಹೊತ್ತಿಗೆ ಸಮಾಧಾನದ ಮಾತಿಗಿಂತ ಕೆಲಸ ಕೊಡುವುದು ಒಳ್ಳೆಯದು. ಸ್ಟೋವ್ ಹಚ್ಚು, ನೀರು ತಾ, ಟೆಂಟಿನ ಹಗ್ಗ ಬಿಗಿ ಮಾಡು. ಅನುಭವ ಇರುವ ಇನ್‌ಸ್ಟ್ರಕ್ಟರ್‌ಗಳು ಸಂಜೆಯ ಕೆಲಸಗಳನ್ನು ಬೇಕಂತಲೇ ಎಲ್ಲರಿಗೂ ಹಂಚುತ್ತಾರೆ.

ನನ್ನ ಪ್ರಕಾರ ಮಕ್ಕಳು ಅಲ್ಲಿ ಕಲಿಯುವ ಅತಿ ದೊಡ್ಡ ವಿಷಯ ಇರುವುದು ಹಿಮ್ಮಡಿಯಲ್ಲಿ. ತಮಾಷೆ ಅಲ್ಲ. ಭಾರ ಹೊತ್ತು ನಡೆಯುವಾಗ ಶೂ ಉಜ್ಜಿ ಬೊಬ್ಬೆ ಬರುತ್ತದೆ. ಬರುವ ಮೊದಲು ಆ ಜಾಗ ಬಿಸಿಯಾಗಿ ಸಣ್ಣಗೆ ಉರಿಯುತ್ತದೆ. ಅಲ್ಲೇ ನಿಂತು ಶೂ ಬಿಚ್ಚಿ ಟೇಪ್ ಅಂಟಿಸಿದರೆ ಐದು ನಿಮಿಷದ ಕೆಲಸ. ಆದರೆ ಅದಕ್ಕೆ "ಸ್ವಲ್ಪ ನಿಲ್ಲಿ" ಅಂತ ಹೇಳಬೇಕು. ಮುಂದೆ ಹೋಗುತ್ತಿರುವ ಇಡೀ ಗುಂಪು ತಿರುಗಿ ನೋಡುತ್ತದೆ. ಹದಿನಾಲ್ಕು ವರ್ಷದ ಮಗುವಿಗೆ ಇದು ಬಂಡೆ ಹತ್ತುವುದಕ್ಕಿಂತ ಕಷ್ಟ. ಹಾಗಾಗಿ ಹೇಳುವುದಿಲ್ಲ. ಹಲ್ಲು ಕಚ್ಚಿ ನಡೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಒಡೆದು ಕಾಲೂರಲು ಆಗುವುದಿಲ್ಲ. ಅವರ ಭಾರ ಉಳಿದವರ ಬೆನ್ನಿಗೆ ಬರುತ್ತದೆ, ಕ್ಯಾಂಪ್ ತಲುಪುವಷ್ಟರಲ್ಲಿ ಕತ್ತಲಾಗುತ್ತದೆ, ಎಲ್ಲರಿಗೂ ಸಿಟ್ಟು.

ಇದು ಒಂದೆರಡು ಸಲ ಆದ ಮೇಲೆ ಗುಂಪಿನ ಮಾತೇ ಬದಲಾಗುತ್ತದೆ. "ಯಾರದ್ದಾದ್ರೂ ಕಾಲು ಉರೀತಿದೆಯಾ?" ಅಂತ ಮುಂದೆ ನಡೆಯುವವರೇ ಕೇಳಲು ಶುರು ಮಾಡುತ್ತಾರೆ. ನೋವನ್ನು ತಡೆದುಕೊಳ್ಳುವುದನ್ನು ಮಕ್ಕಳಿಗೆ ಎಲ್ಲರೂ ಕಲಿಸುತ್ತಾರೆ. ನೋವನ್ನು ಬೇಗ ಹೇಳುವುದನ್ನು ಕಲಿಸುವವರು ಕಡಿಮೆ. ಆಮೇಲೆ ಅದು ಕಾಲಿನ ವಿಷಯವಾಗಿಯಷ್ಟೇ ಉಳಿಯುವುದಿಲ್ಲ. "ನನಗೆ ಚಳಿ ಆಗ್ತಿದೆ", "ನನಗೆ ಆ ಮಾತು ಬೇಜಾರಾಯ್ತು" ಅನ್ನುವುದೂ ಸಲೀಸಾಗುತ್ತದೆ. ಚಳಿಯ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಮೈಯ ಬಿಸಿ ತೀರಾ ಇಳಿಯುತ್ತಾ ಹೋದಾಗ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಆಗ ಅದು ಚಳಿ ಹಿಡಿದವನಿಗೇ ಗೊತ್ತಾಗುವುದಿಲ್ಲ, ಪಕ್ಕದವನು ಗಮನಿಸಬೇಕು. ಅಮೆರಿಕದಲ್ಲಿ 1965ರಲ್ಲಿ ನ್ಯಾಷನಲ್ ಔಟ್‌ಡೋರ್ ಲೀಡರ್‌ಶಿಪ್ ಸ್ಕೂಲ್ ಕಟ್ಟಿದ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್, ಗುಂಪಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಹಗ್ಗ, ನಕ್ಷೆಗಳಷ್ಟೇ ಮುಖ್ಯವಾದ ಪಾಠ ಅಂತ ಇಟ್ಟದ್ದು ಸುಮ್ನೆ ಅಲ್ಲ.

ನಕ್ಷೆಯ ಪಾಠದಲ್ಲಿ ಮಕ್ಕಳಿಗೆ ನಮ್ಮ ಮೇಲೆ ನಿಜವಾದ ಕೋಪ ಬರುತ್ತದೆ. ಕಂಪಾಸ್ ಹಿಡಿಯುವುದು, ಕಾಂಟೂರ್ ಗೆರೆ (ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಓದುವುದು ಹೇಳಿಕೊಟ್ಟ ಮೇಲೆ ಇನ್‌ಸ್ಟ್ರಕ್ಟರ್ ಗುಂಪಿನ ಹಿಂದೆ ನಡೆಯುತ್ತಾರೆ. ಮಕ್ಕಳು ತಪ್ಪು ಕಣಿವೆಗೆ ಇಳಿದರೂ, ಅಪಾಯ ಇಲ್ಲದಿದ್ದರೆ, ಬಾಯಿ ಬಿಡುವುದಿಲ್ಲ. ಒಂದು ಗಂಟೆ ಇಳಿದು, ಮತ್ತೆ ಒಂದೂವರೆ ಗಂಟೆ ಹತ್ತುತ್ತಾರೆ. "ನಿಮಗೆ ಗೊತ್ತಿತ್ತಲ್ವಾ? ಹೇಳ್ಬೇಕಿತ್ತು!" ಗೊತ್ತಿತ್ತು. ಆದರೆ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು ಅನ್ನುವುದು ತೊಡೆಗೆ ನೆನಪಿರುವಷ್ಟು ಕಿವಿಗೆ ನೆನಪಿರುವುದಿಲ್ಲ. ಇನ್ನೊಂದು ವಿಷಯವೂ ಆ ಹೊತ್ತಿಗೆ ಹೊರಗೆ ಬರುತ್ತದೆ. ಸರಿಯಾದ ದಾರಿ ಮೊದಲೇ ಕಂಡಿದ್ದ ಒಬ್ಬಳು ಹುಡುಗಿ ಗುಂಪಿನಲ್ಲಿ ಇದ್ದೇ ಇರುತ್ತಾಳೆ. ಮೆತ್ತಗೆ ಹೇಳಿರುತ್ತಾಳೆ, ಯಾರೂ ಕೇಳಿರುವುದಿಲ್ಲ. ಮರುದಿನ ನಕ್ಷೆ ಯಾರ ಕೈಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಆ ಬಂಡೆ. ಹತ್ತುವವನ ಫೋಟೋ ಎಲ್ಲರೂ ತೆಗೆಯುತ್ತಾರೆ. ಕೆಳಗೆ ಬಿಲೇ ಮಾಡುವವನನ್ನು, ಅಂದರೆ ಹತ್ತುವವನು ಜಾರಿದರೆ ಬೀಳದಂತೆ ಹಗ್ಗ ಹಿಡಿದಿರುವವನನ್ನು, ನೋಡಿ. ಮೇಲಿನವನ ಜೀವ ಅವನ ಕೈಯಲ್ಲಿದೆ. ತರಗತಿಯಲ್ಲಿ ಯಾರೂ ನಂಬದ, ಚೇಷ್ಟೆ ಮಾಡುವ ಹುಡುಗನಿಗೆ ಈ ಕೆಲಸ ಕೊಟ್ಟು ನೋಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಹಗ್ಗದ ಬಾಲ ಹಿಡಿದಿರುತ್ತಾರೆ ಅನ್ನಿ. ಕಣ್ಣು ಮಿಟುಕಿಸುವುದಿಲ್ಲ.

ಕೆಲವು ಶಾಲೆಗಳಲ್ಲಿ 'ಸೋಲೋ' ಅಂತ ಇರುತ್ತದೆ. ಒಂದು ರಾತ್ರಿ ಅಥವಾ ಎರಡು ಮೂರು ದಿನ ಒಂದೇ ಜಾಗದಲ್ಲಿ ಒಬ್ಬರೇ ಇರುವುದು. ಇನ್‌ಸ್ಟ್ರಕ್ಟರ್ ದೂರದಿಂದ ಕಣ್ಣಿಟ್ಟಿರುತ್ತಾರೆ. ದೊಡ್ಡವರಿಗೆ ಇದರ ಬಗ್ಗೆ ಭಾರೀ ಕಲ್ಪನೆ, ಮಕ್ಕಳು ಅಲ್ಲಿ ಕೂತು ಜೀವನದ ಬಗ್ಗೆ ಯೋಚಿಸುತ್ತಾರೆ ಅಂತ. ಬಹಳಷ್ಟು ಮಕ್ಕಳು ಮಾಡುವ ಮೊದಲ ಕೆಲಸ ನಿದ್ದೆ. ಚೆನ್ನಾಗಿ ನಿದ್ದೆ ಮಾಡುತ್ತಾರೆ. ಬೇಜಾರು ಆಮೇಲೆ ಬರುತ್ತದೆ, ಯೋಚನೆ ಬಂದರೆ ಅದರ ನಂತರ.

ಎಲ್ಲರಿಗೂ ಇದು ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಒತ್ತಾಯಕ್ಕೆ ಬಂದ ಮಗು ಕೊನೆಯ ದಿನದ ತನಕ ದಿನ ಎಣಿಸಬಹುದು. ಗುಂಪಿನಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಗೋಳುಹೊಯ್ದುಕೊಳ್ಳುವುದು ಶುರುವಾದರೆ, ಅಲ್ಲಿ ಸಂಜೆ ಓಡಿಹೋಗಲು ಮನೆಯೂ ಇಲ್ಲ. ಒಳ್ಳೆಯದಕ್ಕೆ ಕಾರಣವಾಗುವ ರಾತ್ರಿಯೇ ಕೆಟ್ಟದ್ದಕ್ಕೂ ಕಾರಣವಾಗುತ್ತದೆ. ಹಾಗಾಗಿ ಶಾಲೆ ಆರಿಸುವಾಗ ಎಷ್ಟು ಎತ್ತರದ ಬೆಟ್ಟ ಹತ್ತಿಸುತ್ತೀರಿ ಅಂತ ಕೇಳಬೇಡಿ. ರಾತ್ರಿ ಮಕ್ಕಳ ಹತ್ತಿರ ಯಾರಿರುತ್ತಾರೆ, ಜಗಳ ಆದರೆ ಏನು ಮಾಡುತ್ತೀರಿ, ಮಗು "ನಾನು ಹತ್ತಲ್ಲ" ಅಂದರೆ ಏನು ಮಾಡುತ್ತೀರಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ "ಹತ್ತಿಸಿಯೇ ತೀರುತ್ತೇವೆ" ಅನ್ನುವ ಉತ್ತರ ಬಂದರೆ ಬೇರೆ ಶಾಲೆ ನೋಡಿ.

ಬದಲಾವಣೆ ಉಳಿಯುತ್ತದಾ ಅನ್ನುವುದು ಮುಂದಿನ ಅನುಮಾನ. 1997ರಲ್ಲಿ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಜೊತೆಗಾರರು ಸಾಹಸ ಶಿಕ್ಷಣದ ಬಗ್ಗೆ ನಡೆದ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾಮಾನ್ಯವಾಗಿ ಯಾವ ತರಬೇತಿಯ ಪರಿಣಾಮವಾದರೂ ದಿನ ಕಳೆದಂತೆ ಇಳಿಯುತ್ತದೆ. ಇಲ್ಲಿ ಕೋರ್ಸ್ ಮುಗಿದ ಮೇಲೆ ಅದು ಇನ್ನೂ ಸ್ವಲ್ಪ ಏರಿತ್ತು. ಹೆಚ್ಚು ದಿನದ ಕೋರ್ಸ್‌ಗಳು ಕಡಿಮೆ ದಿನದವಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಆದರೆ ಕೋರ್ಸಿನಿಂದ ಕೋರ್ಸಿಗೆ ಬಹಳ ವ್ಯತ್ಯಾಸವೂ ಇತ್ತು. ಸಾಹಸ ಅನ್ನುವ ಬೋರ್ಡ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಮನೆಗೆ ಬಂದ ಮೊದಲ ವಾರ ನಿಮಗೆ ಬದಲಾವಣೆ ಏನೂ ಕಾಣದೇ ಇರಬಹುದು. ಸಿಡುಕು ಜಾಸ್ತಿ ಆಗಿರಬಹುದು. ಮೂರು ಹೊತ್ತೂ ಜೊತೆಗಿದ್ದ ಗುಂಪು ದಿಢೀರಂತ ಇಲ್ಲವಾದರೆ ಹಾಗೇ. "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಮಾತು ಮುಗಿಯಿತು. ಅದರ ಬದಲು ನಿಮ್ಮ ಟೆಂಟಲ್ಲಿ ಯಾರ್ಯಾರಿದ್ರು, ಪಾತ್ರೆ ತೊಳೆಯೋದು ಯಾರು ತಪ್ಪಿಸ್ಕೋತಿದ್ರು ಅಂತ ಕೇಳಿ. ಊಟ ತಣ್ಣಗಾಗುವ ತನಕ ಹೇಳುತ್ತಾರೆ.